ಉಪಗ್ರಹದ ವೇವ್‌ಗೈಡ್ ಎಷ್ಟು ವ್ಯಾಟ್ ತಾಳುತ್ತದೆ? ಮಾಡೆಲ್ ಮಾಡುವ ಕ್ರಮ ಮತ್ತು ಎಡವುವ ಜಾಗಗಳು

ಧಾರವಾಡದ ಮಾಳಿಗೆ ಮೇಲಿನ ಡಿಟಿಎಚ್ ತಟ್ಟೆಗೆ ಬಂದು ಬೀಳುವ ಕು-ಬ್ಯಾಂಡ್ (ಸುಮಾರು 12 ಗಿಗಾಹರ್ಟ್ಸ್‌ನ) ಸಿಗ್ನಲ್, ಉಪಗ್ರಹ ಬಿಡುವ ಮೊದಲು ಅದನ್ನು ಬಲಪಡಿಸುವ ಟ್ರಾವೆಲಿಂಗ್ ವೇವ್ ಟ್ಯೂಬ್, ಔಟ್‌ಪುಟ್ ಫಿಲ್ಟರ್, ಹಲವು ಚಾನೆಲ್ ಕೂಡಿಸುವ ಮಲ್ಟಿಪ್ಲೆಕ್ಸರ್ ದಾಟಿ ಆಂಟೆನಾ ಸೇರುತ್ತದೆ. ಟ್ಯೂಬಿನಿಂದ ಆಂಟೆನಾವರೆಗಿನ ಈ ಹಾದಿಯೆಲ್ಲ ಬಹುತೇಕ ಲೋಹದ ಪೊಳ್ಳು ಕೊಳವೆ, ಅದೇ ವೇವ್‌ಗೈಡ್. ಸಿಗ್ನಲ್ಲು ಅತಿ ಬಲವಾಗಿರುವುದೂ ಇಲ್ಲೇ, ಕೆಟ್ಟರೆ ರಿಪೇರಿ ಇಲ್ಲದಿರುವುದೂ ಇಲ್ಲೇ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಕ್ರೋವೇವ್ ವಿಷಯದ ಪ್ರಾಜೆಕ್ಟ್ ಹಿಡಿದವರು ಸಿಗ್ನಲ್ ಎಷ್ಟು ದಾಟುತ್ತದೆ, ಎಷ್ಟು ಹಿಂದಿರುಗುತ್ತದೆ ಎಂದು ತೋರಿಸುವ ಎಸ್-ಪ್ಯಾರಾಮೀಟರ್ ಗ್ರಾಫ್ ಚೆನ್ನಾಗಿ ತರುತ್ತಾರೆ. ಆದರೆ ‘ಇದರಲ್ಲಿ ಎಷ್ಟು ವ್ಯಾಟ್ ಕಳಿಸಬಹುದು’ ಎಂದು ಕೇಳಿದರೆ ರಿಪೋರ್ಟಿನಲ್ಲಿ ಉತ್ತರ ಇರುವುದಿಲ್ಲ. ಆ ಉತ್ತರ ತೆಗೆಯುವ ಕ್ರಮ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾಲ್ವರ್ (ಫೀಲ್ಡ್ ಲೆಕ್ಕ ಹಾಕುವ ಸಾಫ್ಟ್‌ವೇರ್) ಕೊಡುವ ನಾಲ್ಕು ದಶಮಾಂಶದ ನಿಖರತೆ ಪವರ್ ಲೆಕ್ಕದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಪವರ್ ಮಿತಿಯನ್ನು ನಿರ್ಧರಿಸುವುದು ಎರಡೇ ಸಂಗತಿ: ಎದುರುಬದುರು ಗೋಡೆಗಳ ನಡುವಿನ ಅತಿ ಕಿರಿದಾದ ಗ್ಯಾಪಿನ ವೋಲ್ಟೇಜ್, ಮತ್ತು ಆ ಗ್ಯಾಪಿನ ಗೋಡೆಯ ಮೇಲ್ಮೈ. ನಿಮ್ಮ ಸಮಯದ ಮುಕ್ಕಾಲು ಪಾಲು ಈ ಎರಡಕ್ಕೇ ಹೋಗಬೇಕು.

ಗಾಳಿಯಲ್ಲಿ ಲಕ್ಷಗಟ್ಟಲೆ, ನಿರ್ವಾತದಲ್ಲಿ ಕೆಲವೇ ನೂರು

ಡಬ್ಲ್ಯೂಆರ್-75 ವೇವ್‌ಗೈಡ್ ತೆಗೆದುಕೊಳ್ಳೋಣ. ಒಳಗಿನ ಅಗಲ 19.05 ಮಿ.ಮೀ., ಎತ್ತರ 9.525 ಮಿ.ಮೀ. ಈ ಕೊಳವೆಯಲ್ಲಿ ಹಾಯುವ ಅತಿ ಸರಳ ತರಂಗರೂಪವಾದ ಟಿಇ-10 ಮೋಡಿನ ಕಟ್‌ಆಫ್ 7.87 ಗಿಗಾಹರ್ಟ್ಸ್, ಅದಕ್ಕಿಂತ ಕೆಳಗಿನ ಆವರ್ತನ ಹಾಯುವುದಿಲ್ಲ. 12 ಗಿಗಾಹರ್ಟ್ಸ್‌ನಲ್ಲಿ ಗೈಡ್ ತರಂಗಾಂತರ 33.1 ಮಿ.ಮೀ., ತರಂಗ ಇಂಪಿಡೆನ್ಸ್ ಸುಮಾರು 499 ಓಮ್. ಒಣ ಗಾಳಿ ಸಾಮಾನ್ಯ ಒತ್ತಡದಲ್ಲಿ ಮೀಟರಿಗೆ 30 ಲಕ್ಷ ವೋಲ್ಟ್ ತಾಳುತ್ತದೆ ಎಂದು ಹಿಡಿದರೆ, ಈ ಖಾಲಿ ಕೊಳವೆ ಸುಮಾರು 818 ಕಿಲೋವ್ಯಾಟ್ ಸಾಗಿಸಬೇಕು. ಪಠ್ಯಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಉಪಗ್ರಹದ ಲೆಕ್ಕ ಶುರುವಾಗುವುದು ಇಲ್ಲಿಂದಲೇ.

ನಿರ್ವಾತದಲ್ಲಿ ಅಯಾನೀಕರಿಸಲು ಗಾಳಿಯೇ ಇಲ್ಲ, ಹಾಗಾಗಿ ಇನ್ನೂ ಹೆಚ್ಚು ತಾಳಬೇಕಲ್ಲವೇ ಅನಿಸುತ್ತದೆ. ಆದರೆ ಅಲ್ಲಿ ಎಲೆಕ್ಟ್ರಾನಿಗೆ ಅಡ್ಡಿಯೂ ಇಲ್ಲ. ಒಂದು ಗೋಡೆಯಿಂದ ಹೊರಟ ಎಲೆಕ್ಟ್ರಾನು ಎದುರಿನ ಗೋಡೆಗೆ ನೇರವಾಗಿ ಬಡಿದು ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳನ್ನು ಎಬ್ಬಿಸಿತು ಎನ್ನಿ. ಅಷ್ಟರಲ್ಲಿ ಫೀಲ್ಡ್ ದಿಕ್ಕು ಬದಲಾಗಿದ್ದರೆ ಅವೆಲ್ಲ ಮರಳಿ ಮೊದಲ ಗೋಡೆಗೆ ಓಡುತ್ತವೆ. ಹೀಗೆ ಅರ್ಧ ಸುತ್ತಿಗೊಮ್ಮೆ, ಅಥವಾ ಅರ್ಧ ಸುತ್ತಿನ ಬೆಸ ಗುಣಕಕ್ಕೊಮ್ಮೆ, ಸಂಖ್ಯೆ ಏರುತ್ತಲೇ ಹೋಗುತ್ತದೆ. ಇದಕ್ಕೆ ಮಲ್ಟಿಪ್ಯಾಕ್ಟರ್ ಎನ್ನುತ್ತಾರೆ. ಇದು ಹತ್ತಿಕೊಂಡರೆ ನಾಯ್ಸ್ ಏರುತ್ತದೆ, ಪವರ್ ಹಿಂದಕ್ಕೆ ಹೊಡೆಯುತ್ತದೆ, ಗೋಡೆ ಬಿಸಿಯಾಗಿ ಅನಿಲ ಬಿಡುತ್ತದೆ. ಆ ಅನಿಲ ಅಯಾನೀಕರಿಸಿ ಕೊರೋನಾ ಎಂಬ ಡಿಸ್ಚಾರ್ಜ್ ಹತ್ತಿದರೆ ಬೆಳ್ಳಿ ಲೇಪ ಸುಟ್ಟು ಭಾಗವೇ ಹೋಗುತ್ತದೆ.

ಕೈಲೆಕ್ಕ ಮೊದಲು, ಸಾಫ್ಟ್‌ವೇರ್ ಆಮೇಲೆ

ಎರಡು ಸಮಾನಾಂತರ ತಟ್ಟೆಗಳ ನಡುವೆ ಶೂನ್ಯ ವೇಗದಲ್ಲಿ ಹೊರಟ ಎಲೆಕ್ಟ್ರಾನಿನ ಚಲನೆಯ ಸಮೀಕರಣವನ್ನು ಒಂದು ಹಾಳೆಯಲ್ಲಿ ಬಿಡಿಸಬಹುದು. ಅದು ಎದುರು ಗೋಡೆಗೆ ಬಡಿಯುವಾಗಿನ ಶಕ್ತಿ, ಮೇಲ್ಮೈಯ ಮೊದಲ ಕ್ರಾಸ್‌ಓವರ್ ಶಕ್ತಿಗೆ ಸಮ ಆಗಬೇಕು. ಒಂದು ಎಲೆಕ್ಟ್ರಾನ್ ಬಡಿದರೆ ಸರಾಸರಿ ಒಂದು ಎಲೆಕ್ಟ್ರಾನ್ ಹೊರಬರುವ ಅತಿ ಕಡಿಮೆ ಶಕ್ತಿ ಅದು. ಅದನ್ನು ಇ1 ಎಂದು ಕರೆಯೋಣ. ಆಗ ಸಿಗುವುದು:

ಥ್ರೆಶೋಲ್ಡ್ ವೋಲ್ಟೇಜ್ = 10.6 × √ಇ1 × ಆವರ್ತನ × ಗ್ಯಾಪ್

ಇಲ್ಲಿ ವೋಲ್ಟೇಜ್ ಪೀಕ್ ಬೆಲೆ, ಇ1 ಎಲೆಕ್ಟ್ರಾನ್-ವೋಲ್ಟಿನಲ್ಲಿ, ಆವರ್ತನ ಗಿಗಾಹರ್ಟ್ಸ್‌ನಲ್ಲಿ, ಗ್ಯಾಪ್ ಮಿ.ಮೀ.ನಲ್ಲಿ. ಬೆಳ್ಳಿ ಲೇಪಕ್ಕೆ ಇ1 ಸುಮಾರು 30 ಎಂದು ಹಿಡಿದರೆ ಪ್ರತಿ ಗಿಗಾಹರ್ಟ್ಸ್-ಮಿ.ಮೀ.ಗೆ 58 ವೋಲ್ಟ್. 12 ಗಿಗಾಹರ್ಟ್ಸ್‌ನಲ್ಲಿ 2 ಮಿ.ಮೀ. ಎತ್ತರದ ಐರಿಸ್ (ಫಿಲ್ಟರಿನೊಳಗಿನ ಕಿರಿದಾದ ಕಿಂಡಿ) ಇದ್ದರೆ ಆವರ್ತನ-ಗ್ಯಾಪ್ ಗುಣಲಬ್ಧ 24, ಥ್ರೆಶೋಲ್ಡ್ ಸುಮಾರು 1,392 ವೋಲ್ಟ್.

ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ, ಹಾಗಂತ ಬಿಡಲೂಬೇಡಿ. ಗುಣಲಬ್ಧ 24ರಲ್ಲಿ ಎಲೆಕ್ಟ್ರಾನು ಒಮ್ಮೆ ದಾಟಲು ಸುಮಾರು 29 ಅರ್ಧ ಸುತ್ತು ತೆಗೆದುಕೊಳ್ಳುತ್ತದೆ. ಗೋಡೆಯಿಂದ ಹೊರಬರುವ ಎಲೆಕ್ಟ್ರಾನುಗಳ ಆರಂಭಿಕ ಶಕ್ತಿ ಕೆಲವು ಎಲೆಕ್ಟ್ರಾನ್-ವೋಲ್ಟುಗಳಷ್ಟು ಹರಡಿಕೊಂಡಿರುತ್ತದೆ. ಅಷ್ಟು ದೀರ್ಘ ಪಯಣದಲ್ಲಿ ಅವು ಒಟ್ಟಿಗೆ ಉಳಿಯುವುದಿಲ್ಲ, ತಾಳ ತಪ್ಪುತ್ತದೆ. ಆದ್ದರಿಂದ ಎತ್ತರದ ಆರ್ಡರಿನಲ್ಲಿ, ಅಂದರೆ ಒಮ್ಮೆ ದಾಟಲು ಹಲವು ಅರ್ಧ ಸುತ್ತು ಬೇಕಾದಾಗ, ಕೈಲೆಕ್ಕ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಪವರ್ ತೋರಿಸುತ್ತದೆ. ಸುರಕ್ಷಿತ ಕಡೆಗೆ ವಾಲಿದ ತಪ್ಪು ಅದು, ಮೊದಲ ಜರಡಿಗೆ ಸಾಕು.

ಈ ಸೂತ್ರದಲ್ಲೇ ಅಡಗಿರುವ ಇನ್ನೊಂದು ವಿಷಯ ನೋಡಿ. ಪವರ್ ವೋಲ್ಟೇಜಿನ ವರ್ಗಕ್ಕೆ ಅನುಪಾತ, ವೋಲ್ಟೇಜ್ √ಇ1ಕ್ಕೆ ಅನುಪಾತ. ಅಂದರೆ ಪವರ್ ಮಿತಿ ನೇರವಾಗಿ ಇ1ಕ್ಕೆ ಅನುಪಾತ. ನಿಮ್ಮ ಮೇಲ್ಮೈಯ ಇ1 20 ಇದೆಯೋ 40 ಇದೆಯೋ ಗೊತ್ತಿಲ್ಲದಿದ್ದರೆ 3 ಡಿಬಿ, ಅಂದರೆ ಎರಡು ಪಟ್ಟು, ಅಲ್ಲೇ ಹೋಯಿತು. ಅದೇ 2 ಮಿ.ಮೀ. ಗ್ಯಾಪಿನಲ್ಲಿ 20 ಮೈಕ್ರಾನ್ ತಪ್ಪಿದರೆ ಗ್ಯಾಪು ಒಂದು ಶತಾಂಶ ಬದಲಾಗುತ್ತದೆ, ಪವರಿಗೆ ಅದು ಲೆಕ್ಕಕ್ಕಿಲ್ಲ. ಅಳತೆಯ ತಪ್ಪು ಫಿಲ್ಟರಿನ ಆವರ್ತನ ಕೆಡಿಸುತ್ತದೆ, ಮೇಲ್ಮೈಯ ತಪ್ಪು ಪವರ್ ಕೆಡಿಸುತ್ತದೆ. ಹೊಸಬರು ಈ ಎರಡನ್ನೂ ಅದಲುಬದಲು ಮಾಡಿ ಮೈಕ್ರೋಮೀಟರ್ ಹಿಡಿದು ಕೂರುತ್ತಾರೆ.

ಫೀಲ್ಡ್ ಲೆಕ್ಕ: 1 ವ್ಯಾಟಿಗೆ ಎಷ್ಟು ವೋಲ್ಟ್

ಸಾಲ್ವರಿನಿಂದ ನಮಗೆ ಬೇಕಾದದ್ದು ಒಂದೇ ಸಂಖ್ಯೆ. 1 ವ್ಯಾಟ್ ಒಳಗೆ ಕಳಿಸಿದಾಗ ಪ್ರತಿ ಗ್ಯಾಪಿನ ನಡುಮಧ್ಯೆ ಎಷ್ಟು ಪೀಕ್ ವೋಲ್ಟ್ ಬರುತ್ತದೆ ಎಂಬುದು. ಎಚ್‌ಎಫ್‌ಎಸ್‌ಎಸ್, ಸಿಎಸ್‌ಟಿ ಎಂಬ ವಾಣಿಜ್ಯ ಸಾಲ್ವರುಗಳ ಲೈಸೆನ್ಸ್ ಇದ್ದರೆ ಸರಿ. ಇಲ್ಲದಿದ್ದರೆ ಓಪನ್ಇಎಂಎಸ್ ಉಚಿತ. ಅದು ಫೀಲ್ಡನ್ನು ಕಾಲದ ಸಣ್ಣ ಹೆಜ್ಜೆಗಳಲ್ಲಿ ಲೆಕ್ಕ ಹಾಕುವ ಎಫ್‌ಡಿಟಿಡಿ ವಿಧಾನದ್ದು, ಕಿರಿದಾದ ಬ್ಯಾಂಡಿನ, ನಷ್ಟ ಕಡಿಮೆ ಇರುವ ಹೈ-ಕ್ಯೂ ಫಿಲ್ಟರಿಗೆ ಶಕ್ತಿ ಇಳಿಯುವವರೆಗೆ ಕಾಯುವುದೇ ದೊಡ್ಡ ಕೆಲಸ. ಬರೀ ಆಯತಾಕಾರದ ಮೆಟ್ಟಿಲುಗಳಿರುವ ಫಿಲ್ಟರಿಗಾದರೆ ಆಕ್ಟೇವ್ ಅಥವಾ ಪೈಥಾನಿನಲ್ಲಿ ಮೋಡ್ ಮ್ಯಾಚಿಂಗ್ (ಪ್ರತಿ ಮೆಟ್ಟಿಲಿನ ಎರಡೂ ಬದಿಯ ಮೋಡುಗಳನ್ನು ಹೊಂದಿಸುವ ವಿಧಾನ) ನೀವೇ ಬರೆದುಕೊಳ್ಳಬಹುದು, ಓಟವೂ ಬಹಳ ವೇಗ. ಬರೆಯುವಾಗ ಎರಡೂ ಬದಿಯ ಮೋಡುಗಳ ಸಂಖ್ಯೆ ಎತ್ತರದ ಅನುಪಾತದಲ್ಲೇ ಇರಲಿ. 9.525 ಮಿ.ಮೀ. ಬದಿಯಲ್ಲಿ 19 ತೆಗೆದುಕೊಂಡರೆ 2 ಮಿ.ಮೀ. ಬದಿಯಲ್ಲಿ 4. ಎರಡೂ ಕಡೆ 19 ಇಟ್ಟರೆ ಉತ್ತರ ನಿಲ್ಲುತ್ತದೆ, ಆದರೆ ತಪ್ಪು ಬೆಲೆಯ ಮೇಲೆ ನಿಲ್ಲುತ್ತದೆ. ಎಲ್ಲಕ್ಕಿಂತ ಅಪಾಯದ ತಪ್ಪು ಇದು, ಏಕೆಂದರೆ ನೋಡಲು ಸರಿಯಾಗಿಯೇ ಕಾಣುತ್ತದೆ.

ಯಾವ ಸಾಲ್ವರ್ ಆದರೂ ಫಿಲ್ಟರ್ ಹಾಕುವ ಮುನ್ನ ಖಾಲಿ ಡಬ್ಲ್ಯೂಆರ್-75 ತುಂಡೊಂದನ್ನು ಓಡಿಸಿ. 12 ಗಿಗಾಹರ್ಟ್ಸ್‌ನಲ್ಲಿ 1 ವ್ಯಾಟ್ ಸರಾಸರಿಗೆ ನಡುಗೆರೆಯ ಮೇಲೆ 31.6 ವೋಲ್ಟ್ ಪೀಕ್, ಅಂದರೆ ಮೀಟರಿಗೆ ಸುಮಾರು 3.3 ಕಿಲೋವೋಲ್ಟ್ ಬರಬೇಕು. 22.3 ಬಂದರೆ ನಿಮ್ಮ ಸಾಲ್ವರ್ 1 ವ್ಯಾಟನ್ನು ಪೀಕ್ ಎಂದು ಹಿಡಿದು 0.5 ವ್ಯಾಟ್ ಸರಾಸರಿ ಕಳಿಸಿದೆ. ಸಿಎಸ್‌ಟಿಯಲ್ಲಿ ಸಾಮಾನ್ಯ ಸೆಟ್ಟಿಂಗ್ ಹೀಗೆಯೇ ಇರುತ್ತದೆ, ಎಚ್‌ಎಫ್‌ಎಸ್‌ಎಸ್‌ನಲ್ಲಿ 1 ವ್ಯಾಟ್ ಸರಾಸರಿ. ಎರಡರ ಫಲಿತಾಂಶ ಒಂದೇ ಕೋಷ್ಟಕಕ್ಕೆ ಹಾಕಿದರೆ 3 ಡಿಬಿ ತಪ್ಪು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಸುರಕ್ಷತೆಗೆಂದು ಬಿಡುವ ಮಾರ್ಜಿನ್ನೇ 6 ಡಿಬಿ ಇರುವಲ್ಲಿ ಅದರ ಅರ್ಧ ಹೋದಂತೆ.

ಇನ್ನು ಫಿಲ್ಟರಿನ ಮಾಡೆಲ್. ಇಲ್ಲಿ ಹೆಚ್ಚಿನವರು ಎಡವುವುದು ಐರಿಸ್ ಅಂಚಿನಲ್ಲಿ. ಚೂಪಾದ 90 ಡಿಗ್ರಿ ಅಂಚಿನ ಹತ್ತಿರ ವಿದ್ಯುತ್ ಕ್ಷೇತ್ರ ಅಂಚಿನಿಂದ ದೂರದ ಮೈನಸ್ ಮೂರನೇ ಒಂದು ಘಾತದಂತೆ ಏರುತ್ತದೆ. ಸಾಲ್ವರ್ ಜಾಗವನ್ನು ತುಂಡು ಮಾಡುವ ಮೆಶ್ ಸಣ್ಣದು ಮಾಡಿದಷ್ಟೂ ‘ಗರಿಷ್ಠ ಫೀಲ್ಡ್’ ಏರುತ್ತಲೇ ಇರುತ್ತದೆ, ಎಂದಿಗೂ ನಿಲ್ಲುವುದಿಲ್ಲ. ಹಾಗಾಗಿ ಬಣ್ಣದ ಚಿತ್ರದ ಕೆಂಪು ಚುಕ್ಕೆಯ ಬೆಲೆಯನ್ನು ರಿಪೋರ್ಟಿಗೆ ಹಾಕುವುದರಲ್ಲಿ ಅರ್ಥವಿಲ್ಲ. ಗ್ಯಾಪಿನ ನಡುವೆ, ಗೋಡೆಯಿಂದ ಗೋಡೆಗೆ ಎಳೆದ ಗೆರೆಯ ಮೇಲೆ ಫೀಲ್ಡನ್ನು ಇಂಟಿಗ್ರೇಟ್ ಮಾಡಿ ವೋಲ್ಟೇಜ್ ತೆಗೆಯಿರಿ. ಅದು ಬೇಗ ಸ್ಥಿರವಾಗುತ್ತದೆ. ಗ್ಯಾಪಿಗೆ ಅಡ್ಡಲಾಗಿ ಕನಿಷ್ಠ ಐದಾರು ಪದರ ಎಲಿಮೆಂಟ್ ಇರಲಿ. ಮೆಶ್ ಇನ್ನೊಂದು ಸುತ್ತು ಸಣ್ಣದು ಮಾಡಿದಾಗ ಈ ವೋಲ್ಟೇಜ್ 1 ಶೇಕಡಾಕ್ಕಿಂತ ಕಡಿಮೆ ಬದಲಾದರೆ ಅಲ್ಲಿಗೆ ನಿಲ್ಲಿಸಿ.

ಯಂತ್ರದಿಂದ ಬರುವ ದುಂಡಗಿನ ಮೂಲೆಯನ್ನು ಮಾಡೆಲಿನಲ್ಲಿ ಮೊದಲ ದಿನದಿಂದಲೇ ಇಡಿ. ಹುಬ್ಬಳ್ಳಿಯ ಗೋಕುಲ ರೋಡ್ ಅಥವಾ ತಾರಿಹಾಳದ ಸಿಎನ್‌ಸಿ ವರ್ಕ್‌ಶಾಪಿನವರು 4 ಮಿ.ಮೀ. ಎಂಡ್‌ಮಿಲ್ ಹಾಕಿ ಕೊರೆದರೆ ಕ್ಯಾವಿಟಿಯ (ಐರಿಸುಗಳ ನಡುವಿನ, ಅನುರಣಿಸುವ ಪೊಳ್ಳು ಕೋಣೆಯ) ಒಳಮೂಲೆಯಲ್ಲಿ 2 ಮಿ.ಮೀ. ತ್ರಿಜ್ಯ ಉಳಿಯುತ್ತದೆ. ಕ್ಯಾವಿಟಿಯ ಘನ ಅಷ್ಟು ಕಡಿಮೆಯಾಗಿ ರೆಸೊನೆನ್ಸ್ ಮೇಲಕ್ಕೆ ಸರಿಯುತ್ತದೆ. ಚೂಪು ಮೂಲೆಯಲ್ಲಿ ಡಿಸೈನ್ ಮುಗಿಸಿ ಕೊನೆಗೆ ‘ಸ್ವಲ್ಪ ರೌಂಡ್ ಮಾಡಿ’ ಎಂದರೆ ಟ್ಯೂನಿಂಗ್ ಸ್ಕ್ರೂ ಎಷ್ಟು ತಿರುಗಿಸಿದರೂ ಜಾಗಕ್ಕೆ ಬರುವುದಿಲ್ಲ. ಸ್ಕ್ರೂ ಒಳಗೆ ಇಳಿದಷ್ಟೂ ಆವರ್ತನ ಕೆಳಗೆ ಬರುತ್ತದೆ ನಿಜ. ಆದರೆ ಸ್ಕ್ರೂ ತುದಿ ಮತ್ತು ಎದುರಿನ ಗೋಡೆಯ ನಡುವೆ ಇನ್ನೊಂದು ಸಣ್ಣ ಗ್ಯಾಪ್ ಹುಟ್ಟಿತು ಎಂಬುದು ಮರೆಯಬಾರದು. ಅದರ ವೋಲ್ಟೇಜೂ ಪಟ್ಟಿಗೆ ಬರಬೇಕು. ಹೆಚ್ಚು ಪವರಿನ ಫಿಲ್ಟರಿನಲ್ಲಿ ಸ್ಕ್ರೂ ಇಲ್ಲದೇ ಮುಗಿಸುವುದೇ ಜಾಣತನ.

ನಮ್ಮ ಉದಾಹರಣೆಯ ಫಿಲ್ಟರಿನಲ್ಲಿ 2 ಮಿ.ಮೀ. ಐರಿಸ್ ಮೇಲೆ 1 ವ್ಯಾಟಿಗೆ 43 ವೋಲ್ಟ್ ಬಂದಿತು ಎಂದುಕೊಳ್ಳಿ. ಅದೇ ಎತ್ತರದ ಉದ್ದನೆಯ ನೇರ ಗೈಡಿನಲ್ಲಿ ಬರಬೇಕಾಗಿದ್ದದ್ದು 14.5. ಕ್ಯಾವಿಟಿಯಲ್ಲಿ ಶಕ್ತಿ ಶೇಖರವಾಗುವುದರಿಂದ ಮೂರು ಪಟ್ಟು ಏರಿದೆ. ಈಗ ಮಿತಿ:

(1,392 ÷ 43)² = ಸುಮಾರು 1,048 ವ್ಯಾಟ್.

ಕೆಲವರು ‘ವೋಲ್ಟೇಜ್ ವರ್ಧನೆ 3’ ಎಂದು ಬರೆದರೆ, ಇನ್ನು ಕೆಲವರು ಇನ್‌ಪುಟ್ ಗೈಡಿನ 31.6ಕ್ಕೆ ಹೋಲಿಸಿ 1.4 ಎಂದು ಬರೆಯುತ್ತಾರೆ. ಎರಡೂ ಸರಿಯೇ, ಯಾವುದಕ್ಕೆ ಹೋಲಿಕೆ ಎಂದು ಹೇಳದಿದ್ದರೆ ಎರಡೂ ನಿರುಪಯೋಗಿ. ‘1 ವ್ಯಾಟಿಗೆ 43 ವೋಲ್ಟ್’ ಎಂದು ಬರೆದರೆ ಗೊಂದಲಕ್ಕೆ ಜಾಗವೇ ಇರುವುದಿಲ್ಲ.

ಬ್ಯಾಂಡಿನ ಮಧ್ಯದಲ್ಲಿ ಮಾತ್ರ ಲೆಕ್ಕ ಹಾಕಿ ಬಿಡಬೇಡಿ. ಬ್ಯಾಂಡಿನ ಅಂಚುಗಳಲ್ಲಿ ಗ್ರೂಪ್ ಡಿಲೇ (ಸಿಗ್ನಲ್ ಫಿಲ್ಟರ್ ದಾಟಲು ಹಿಡಿಯುವ ಕಾಲ) ಏರುತ್ತದೆ, ಅದರೊಂದಿಗೆ ಒಳಗಿನ ಶಕ್ತಿಯೂ ವೋಲ್ಟೇಜೂ ಏರುತ್ತವೆ. ತಾಳೆ ನೋಡಲು ಒಳ್ಳೆಯ ಉಪಾಯವೂ ಇಲ್ಲಿದೆ. ನಷ್ಟ ಕಡಿಮೆ ಇರುವ, ಚೆನ್ನಾಗಿ ಮ್ಯಾಚ್ ಆದ ಫಿಲ್ಟರಿನಲ್ಲಿ ಒಳಗೆ ಶೇಖರವಾದ ಶಕ್ತಿ ಹೆಚ್ಚುಕಡಿಮೆ ಪವರ್ ಗುಣಿಸು ಗ್ರೂಪ್ ಡಿಲೇ. 100 ಮಿ.ಮೀ. ಖಾಲಿ ಡಬ್ಲ್ಯೂಆರ್-75ರಲ್ಲಿ 12 ಗಿಗಾಹರ್ಟ್ಸ್‌ಗೆ ಡಿಲೇ 0.44 ನ್ಯಾನೋಸೆಕೆಂಡ್, ಆದ್ದರಿಂದ 1 ವ್ಯಾಟಿಗೆ 0.44 ನ್ಯಾನೋಜೂಲ್. ಸಾಲ್ವರಿನಿಂದ ಬಂದ ಶಕ್ತಿ ಇದಕ್ಕೆ ಹೊಂದದಿದ್ದರೆ ಮುಂದೆ ಹೋಗಬೇಡಿ, 1 ವ್ಯಾಟಿಗೆ ಹೊಂದಿಸುವ ನಾರ್ಮಲೈಸೇಷನ್ ಎಲ್ಲೋ ಕೈಕೊಟ್ಟಿದೆ.

ಮೇಲ್ಮೈಯನ್ನು ಸಂಖ್ಯೆಯಾಗಿಸುವುದು

ಎಲೆಕ್ಟ್ರಾನ್ ಓಡಿಸುವ ಪ್ರೋಗ್ರಾಮಿಗೆ ಸೆಕೆಂಡರಿ ಎಮಿಷನ್ ಯೀಲ್ಡ್ ವಕ್ರರೇಖೆ ಬೇಕು. ಬಡಿಯುವ ಶಕ್ತಿಗೆ ತಕ್ಕಂತೆ ಎಷ್ಟು ಎಲೆಕ್ಟ್ರಾನ್ ಹೊರಬರುತ್ತವೆ ಎಂಬ ರೇಖೆ ಅದು. ಹೆಚ್ಚು ಬಳಕೆಯಲ್ಲಿರುವುದು 1989ರ ವಾನ್ ಮಾಡೆಲ್. ಅದಕ್ಕೆ ಬೇಕಾದದ್ದು ಗರಿಷ್ಠ ಯೀಲ್ಡ್ ಮತ್ತು ಅದು ಬರುವ ಶಕ್ತಿ. ಗರಿಷ್ಠಕ್ಕಿಂತ ಕೆಳಗೆ ಘಾತ 0.56, ಮೇಲೆ 0.25, ಆರಂಭದ ಶಕ್ತಿ 12.5 ಎಲೆಕ್ಟ್ರಾನ್-ವೋಲ್ಟ್. ಬೆಳ್ಳಿಗೆ ಗರಿಷ್ಠ ಯೀಲ್ಡ್ 2.2, ಶಕ್ತಿ 165 ಎಲೆಕ್ಟ್ರಾನ್-ವೋಲ್ಟ್ ಹಾಕಿದರೆ ಇ1 ಸುಮಾರು 28 ಬರುತ್ತದೆ. ನಿಮ್ಮ ಕೋಡಿನಲ್ಲಿ ಇಷ್ಟು ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಈ ಮಾಡೆಲಿನ ಒಂದು ದೌರ್ಬಲ್ಯ ತಿಳಿದಿರಲಿ: 12.5 ಎಲೆಕ್ಟ್ರಾನ್-ವೋಲ್ಟಿಗಿಂತ ಕೆಳಗೆ ಅದು ಯೀಲ್ಡನ್ನು ಸೊನ್ನೆ ಎನ್ನುತ್ತದೆ. ವಾಸ್ತವದಲ್ಲಿ ಅಷ್ಟು ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳಲ್ಲಿ ಒಂದು ಪಾಲು ಗೋಡೆಗೆ ತಾಗಿ ಹಾಗೆಯೇ ಹಿಂದಿರುಗುತ್ತದೆ. ಅವನ್ನು ಲೆಕ್ಕದಿಂದ ಬಿಟ್ಟರೆ ಎಲೆಕ್ಟ್ರಾನ್ ಸಂಖ್ಯೆ ನಿಜಕ್ಕಿಂತ ಬೇಗ ಇಳಿದಂತೆ ಕಂಡು, ಪವರ್ ಮಿತಿ ಇರುವುದಕ್ಕಿಂತ ಹೆಚ್ಚು ಎಂಬ ಭ್ರಮೆ ಹುಟ್ಟುತ್ತದೆ. ಬೇರೆ ಬೇರೆ ಆವರ್ತನದ ಹಲವು ಸಿಗ್ನಲ್ ಒಟ್ಟಿಗೆ ಹೋಗುವ ಬಹು ಕ್ಯಾರಿಯರ್ ಲೆಕ್ಕದಲ್ಲಿ ಇದು ವಿಶೇಷವಾಗಿ ಕಾಡುತ್ತದೆ. ಎಲಾಸ್ಟಿಕ್ ಪ್ರತಿಫಲನದ ಪದ ಸೇರಿಸುವ ಆಯ್ಕೆ ಇದ್ದರೆ ಸೇರಿಸಿ.

ಪುಸ್ತಕದ ಬೆಲೆ ಶುದ್ಧ ಮೇಲ್ಮೈಯದು, ನಿಮ್ಮ ಕೈಯಲ್ಲಿರುವ ಭಾಗ ಶುದ್ಧ ಅಲ್ಲ. ಗಾಳಿಗೆ ತೆರೆದಿಟ್ಟ ಲೋಹದ ಮೇಲೆ ನೀರಿನ ಪದರ, ಹೈಡ್ರೋಕಾರ್ಬನ್, ಬೆರಳಚ್ಚಿನ ಎಣ್ಣೆ ಎಲ್ಲ ಕೂತು ಯೀಲ್ಡ್ ಏರುತ್ತದೆ, ಇ1 ಇಳಿಯುತ್ತದೆ. ಬರೀ ಅಲ್ಯುಮಿನಿಯಂನ ಸಹಜ ಆಕ್ಸೈಡ್ ಅಂತೂ ಯೀಲ್ಡಿನಲ್ಲಿ ಬಹಳ ಕೆಟ್ಟದ್ದು. ಧಾರವಾಡದ ಮಳೆಗಾಲದಲ್ಲಿ ಜೂನ್‌ನಿಂದ ತಿಂಗಳುಗಟ್ಟಲೆ ಹಸಿ ಇರುತ್ತದೆ. ಬೆಳ್ಳಿ ಲೇಪಿಸಿದ ಭಾಗವನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬದಲ್ಲಿಡಿ, ಕೈಗವಸು ಇಲ್ಲದೆ ಮುಟ್ಟಬೇಡಿ. ರಬ್ಬರ್ ಬ್ಯಾಂಡ್ ಸುತ್ತುವುದು ಬೇಡವೇ ಬೇಡ, ಅದರೊಳಗಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಗದಗಿನ ಕಡೆ ಒಣ ಹವೆ, ತೇವದ ಕಾಟ ಕಡಿಮೆ. ಆದರೆ ಬೇಸಿಗೆಯಲ್ಲಿ ಧೂಳು ಕಿಟಕಿ ಸಂದಿಯಿಂದಲೂ ಬರುತ್ತದೆ, ಫ್ಲೇಂಜಿನ ಬಾಯಿಗೆ ಮುಚ್ಚಳ ಹಾಕಿಯೇ ಇಡಿ.

ಲೇಪದ ಬಗ್ಗೆ ಇನ್ನೊಂದು. 12 ಗಿಗಾಹರ್ಟ್ಸ್‌ನಲ್ಲಿ ಬೆಳ್ಳಿಯ ಸ್ಕಿನ್ ಡೆಪ್ತ್, ಅಂದರೆ ಕರೆಂಟ್ ಹರಿಯುವ ಮೇಲ್ಪದರದ ಆಳ, ಸುಮಾರು 0.58 ಮೈಕ್ರಾನ್. 5 ಮೈಕ್ರಾನ್ ಬೆಳ್ಳಿ ಕೊಟ್ಟರೆ ಅದರ ಕೆಳಗೆ ನಿಕ್ಕಲ್ ಪದರ ಇದ್ದರೂ ಆರ್‌ಎಫ್‌ಗೆ (ಮೈಕ್ರೋವೇವ್ ಸಿಗ್ನಲ್ಲಿಗೆ) ಕಾಣಿಸುವುದೇ ಇಲ್ಲ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟಿಗೆ ಬೆಳ್ಳಿ ಹಾಕುವ ಪ್ಲೇಟಿಂಗ್‌ನವರಿಗೆ ಕೊಡುವುದಾದರೆ ‘ಬ್ರೈಟನರ್ (ಹೊಳಪಿನ ರಾಸಾಯನಿಕ) ಬೇಡ’ ಎಂದು ಡ್ರಾಯಿಂಗ್‌ನಲ್ಲೇ ಬರೆಯಿರಿ. ಹೊಳಪು ಬರುತ್ತದೆ, ಆದರೆ ಅದರೊಂದಿಗೆ ಸಾವಯವ ಕಸವೂ ಲೇಪದೊಳಗೆ ಸೇರಿ ವಾಹಕತೆ ಇಳಿಯುತ್ತದೆ. ಐರಿಸ್ ಅಂಚಿನ ಬರ್ (ಕೊರೆದಾಗ ಉಳಿಯುವ ಲೋಹದ ಮುಳ್ಳು) ತೆಗೆಯಲು ಅರ ಹಿಡಿದು ಉಜ್ಜುವುದನ್ನೂ ಡ್ರಾಯಿಂಗ್‌ನಲ್ಲಿ ನಿಷೇಧಿಸಿ, 0.2 ಮಿ.ಮೀ. ತ್ರಿಜ್ಯವನ್ನು ಯಂತ್ರದಲ್ಲೇ ತೆಗೆಯಲು ಹೇಳಿ. ಪಂಪು, ವಾಹನದ ಭಾಗ ಮಾಡುವ ಕೈಗಳು ಬಹಳ ನಿಪುಣ ಕೈಗಳೇ. ಆದರೆ ಒಳಗಿನ ಅಂಚಿಗೂ ಬೆಲೆ ಇದೆ ಎಂದು ನೀವು ಹೇಳದೆ ಅವರಿಗೆ ಗೊತ್ತಾಗುವುದು ಹೇಗೆ? ಬ್ಲಾಕನ್ನು ಎರಡು ಹೋಳು ಮಾಡುವುದಾದರೆ ಅಗಲದ ಗೋಡೆಯ ನಡುಗೆರೆಯಲ್ಲೇ ಸೀಳಿ. ಟಿಇ-10 ಮೋಡಿನಲ್ಲಿ ಆ ಗೆರೆಯನ್ನು ಕರೆಂಟ್ ದಾಟುವುದಿಲ್ಲ. ನಷ್ಟವೂ ಕಡಿಮೆ, ಜಂಟಿಯಿಂದ ಹುಟ್ಟುವ ಇಂಟರ್‌ಮಾಡ್ಯುಲೇಷನ್ನೂ (ಸಿಗ್ನಲ್ಲುಗಳು ಬೆರೆತು ಹುಟ್ಟುವ ಬೇಡದ ಆವರ್ತನ) ಕಡಿಮೆ.

ಎಲೆಕ್ಟ್ರಾನ್ ಓಡಿಸುವುದು

ಮೊದಲು ಸ್ವಂತ ಒಂದು ಆಯಾಮದ ಕೋಡ್ ಬರೆಯಿರಿ. ಎರಡು ತಟ್ಟೆ, ಸೈನ್ ಫೀಲ್ಡ್, ವಾನ್ ರೇಖೆ, ಅಷ್ಟೇ. 12 ಗಿಗಾಹರ್ಟ್ಸ್ ಸುತ್ತಿನ ಕಾಲ 83 ಪಿಕೋಸೆಕೆಂಡ್. ಅದನ್ನು 200 ಭಾಗ ಮಾಡಿ ಸುಮಾರು 0.4 ಪಿಕೋಸೆಕೆಂಡಿನ ಹೆಜ್ಜೆ ಇಟ್ಟರೆ ಸಾಕು. ಎಲೆಕ್ಟ್ರಾನುಗಳನ್ನು ಎಲ್ಲ ಫೇಸಿನಲ್ಲೂ ಸಮನಾಗಿ ಹರಡಿ ಬಿಡಿ. ಕೈಲೆಕ್ಕಕ್ಕೆ ತಾಳೆ ನೋಡಲು ಗುಣಲಬ್ಧ 1ರ ಸುತ್ತ ಪರೀಕ್ಷಿಸಿ. ಮೊದಲ ಆರ್ಡರಿನ ಅನುರಣನ ಅಲ್ಲಿ ಸುಮಾರು 60ರಿಂದ 71 ವೋಲ್ಟಿನ ನಡುವೆ ಸಿಗಬೇಕು. ಯುರೋಪಿಯನ್ ಸ್ಪೇಸ್ ಏಜೆನ್ಸಿಯ ಇಸಿಎಸ್‌ಎಸ್ ಮಲ್ಟಿಪ್ಯಾಕ್ಟರ್ ಟೂಲಿನಲ್ಲೂ ಅದೇ ಬಿಂದುವನ್ನು ನೋಡಿಕೊಳ್ಳಬಹುದು.

ಆಮೇಲೆ ಮೂರು ಆಯಾಮ. ಡಿಸ್ಚಾರ್ಜ್ ಲೆಕ್ಕ ಹಾಕುವ ಸ್ಪಾರ್ಕ್3ಡಿ ಅಥವಾ ಸಿಎಸ್‌ಟಿಯ ಪಾರ್ಟಿಕಲ್ ಸಾಲ್ವರಿನಲ್ಲಿ ಇಡೀ ಫಿಲ್ಟರಿಗೆ ಎಲೆಕ್ಟ್ರಾನ್ ಸುರಿಯಬೇಡಿ. ಅತಿ ಹೆಚ್ಚು ವೋಲ್ಟಿನ ಗ್ಯಾಪಿನ ಸುತ್ತ ಒಂದು ಪೆಟ್ಟಿಗೆ ಎಳೆದು ಅದರೊಳಗೆ ಕೆಲವು ಸಾವಿರ ಎಲೆಕ್ಟ್ರಾನ್ ಬಿಡಿ. ಪವರನ್ನು ಏರಿಸಿ ಇಳಿಸಿ, ನಡುವೆ ಸೀಳುತ್ತಾ ಹೋಗಿ, 0.1 ಡಿಬಿ ಒಳಗೆ ಬಂದರೆ ಸಾಕು. ಮಿತಿಯ ಹತ್ತಿರ ಏರಿಕೆ ತೀರಾ ನಿಧಾನ, ಒಂದೇ ಓಟ ನೋಡಿ ತೀರ್ಮಾನಿಸಬೇಡಿ. ಬೇರೆ ಬೇರೆ ಯಾದೃಚ್ಛಿಕ ಬೀಜ (ರ‍್ಯಾಂಡಮ್ ಸೀಡ್) ಕೊಟ್ಟು ಮತ್ತೆ ಓಡಿಸಿ. ಎಲೆಕ್ಟ್ರಾನ್ ಸಂಖ್ಯೆಯನ್ನು ಲಾಗ್ ಅಕ್ಷದಲ್ಲಿ ಹಾಕಿ, ಇಳಿಜಾರು ಸತತವಾಗಿ ಮೇಲ್ಮುಖವಾಗಿದ್ದರೆ ಮಾತ್ರ ಡಿಸ್ಚಾರ್ಜ್ ಎನ್ನಿ. ಓಟ ಗಂಟೆಗಟ್ಟಲೆ ಹಿಡಿಯುವುದರಿಂದ ನಡುನಡುವೆ ಫೈಲಿಗೆ ಉಳಿಸುವ ಆಯ್ಕೆ ಆನ್ ಇರಲಿ. ಮಳೆಗಾಲದ ಸಂಜೆ ಕರೆಂಟ್ ಹೋಗುವ ಹೊತ್ತಿಗೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂಬುದು ನಿಮಗೇ ಗೊತ್ತು.

ಮೂರು ಆಯಾಮದ ಫಲಿತಾಂಶ ಕೈಲೆಕ್ಕಕ್ಕಿಂತ ಮೇಲೆ ಬರುವುದು ಸಹಜ. ಐರಿಸಿನ ದಪ್ಪ ಗ್ಯಾಪಿಗೆ ಹೋಲಿಸಿದರೆ ಕಡಿಮೆ ಇದ್ದಾಗ ಎಲೆಕ್ಟ್ರಾನುಗಳು ಪಕ್ಕಕ್ಕೆ ಜಾರಿಹೋಗುತ್ತವೆ. ಬಲವಾದ ಫೀಲ್ಡಿನಿಂದ ದುರ್ಬಲ ಫೀಲ್ಡಿನ ಕಡೆಗೆ ತಳ್ಳುವ ಪಾಂಡರೊಮೋಟಿವ್ ಬಲ ಅವನ್ನು ಹೊರದಬ್ಬುತ್ತದೆ. ಅದೇ, ಮೂರು ಆಯಾಮದಲ್ಲಿ ಕೈಲೆಕ್ಕಕ್ಕಿಂತ ಕೆಳಗೆ ಬಂದರೆ ಅನುಮಾನಪಡಿ. ಬಹುಪಾಲು ಅದು 1 ವ್ಯಾಟಿನ ನಾರ್ಮಲೈಸೇಷನ್, ಇಲ್ಲವೇ ನೀವು ಗಮನಿಸದೆ ಬಿಟ್ಟ ಇನ್ನೊಂದು ಗ್ಯಾಪ್.

ಮಾರ್ಜಿನ್, ಪ್ರತಿಫಲನ, ಬಹು ಕ್ಯಾರಿಯರ್

1,048 ವ್ಯಾಟ್ ಎಂಬುದು ಭಾಗದ ರೇಟಿಂಗ್ ಅಲ್ಲ. 6 ಡಿಬಿ ಮಾರ್ಜಿನ್ ತೆಗೆದರೆ ಉಳಿಯುವುದು 263 ವ್ಯಾಟ್. ಎಷ್ಟು ಮಾರ್ಜಿನ್ ಎಂಬುದನ್ನು ಇಸಿಎಸ್‌ಎಸ್-ಇ-ಎಸ್‌ಟಿ-20-01ಸಿ ಎಂಬ ಯುರೋಪಿನ ಮಲ್ಟಿಪ್ಯಾಕ್ಟರ್ ಮಾನಕ ದಾಖಲೆ ಭಾಗದ ಬಗೆ ನೋಡಿ ಹೇಳುತ್ತದೆ. ಪೂರಾ ಲೋಹದ್ದೋ, ಡೈಎಲೆಕ್ಟ್ರಿಕ್ ಇದೆಯೋ, ಬರೀ ವಿಶ್ಲೇಷಣೆಯೋ, ಪರೀಕ್ಷೆಯೂ ಇದೆಯೋ ಎಂಬುದರ ಮೇಲೆ ಅದು ಬದಲಾಗುತ್ತದೆ. ಗ್ರಾಹಕ ಸಂಸ್ಥೆ ಯಾವ ಆವೃತ್ತಿ ಕೇಳುತ್ತದೆ ಎಂಬುದನ್ನು ಮೊದಲೇ ವಿಚಾರಿಸಿ.

ಸಾಲ್ವರಿನಲ್ಲಿ ಔಟ್‌ಪುಟ್ ಪೋರ್ಟ್ ಪರಿಪೂರ್ಣ ಮ್ಯಾಚ್, ಆಂಟೆನಾ ಹಾಗಲ್ಲ. ಅಲ್ಲಿಂದ ಹಿಂದಿರುಗುವ ಪವರ್ 15 ಡಿಬಿ ಕಡಿಮೆ ಇದ್ದರೆ, ಅಂದರೆ 15 ಡಿಬಿ ರಿಟರ್ನ್ ಲಾಸ್ ಇದ್ದರೆ, ಪ್ರತಿಫಲನ 0.178, ಕೆಟ್ಟ ಫೇಸಿನಲ್ಲಿ ವೋಲ್ಟೇಜ್ 1.178 ಪಟ್ಟು, ಪವರ್ ಮಿತಿ 1,048ರಿಂದ ಸುಮಾರು 755ಕ್ಕೆ ಇಳಿಯುತ್ತದೆ. ಸ್ವಿಚ್ ತಪ್ಪಾಗಿ ಪೂರ್ತಿ ಶಾರ್ಟ್ ಆದರೆ ವೋಲ್ಟೇಜ್ ಎರಡು ಪಟ್ಟು, ಮಿತಿ ಕಾಲು ಭಾಗ. 6 ಡಿಬಿ ಮಾರ್ಜಿನ್ ಅಲ್ಲಿಗೇ ಖಾಲಿ.

ಒಂದೇ ಫಿಲ್ಟರಿನಲ್ಲಿ ಅಥವಾ ಮಲ್ಟಿಪ್ಲೆಕ್ಸರಿನ ಎಲ್ಲಕ್ಕೂ ಒಂದೇ ಆದ ಕೊಳವೆಯಲ್ಲಿ ಹಲವು ಕ್ಯಾರಿಯರ್ ಹೋಗುವಾಗ ಲೆಕ್ಕ ಜಟಿಲ. 60 ವ್ಯಾಟಿನ 6 ಕ್ಯಾರಿಯರ್ ಇದ್ದರೆ ಸರಾಸರಿ 360 ವ್ಯಾಟ್, ಆದರೆ ಎಲ್ಲ ಫೇಸ್ ಕೂಡಿದ ಕ್ಷಣದಲ್ಲಿ 36 × 60, ಅಂದರೆ 2,160 ವ್ಯಾಟ್. ನಮ್ಮ ಮಿತಿಗಿಂತ 3.1 ಡಿಬಿ ಮೇಲೆ. 40 ಮೆಗಾಹರ್ಟ್ಸ್ ಸಮ ಅಂತರದಲ್ಲಿದ್ದರೆ ಈ ಶಿಖರ 25 ನ್ಯಾನೋಸೆಕೆಂಡಿಗೊಮ್ಮೆ ಬರುತ್ತದೆ, ಮಿತಿಗಿಂತ ಮೇಲೆ ಇರುವುದು ಸುಮಾರು 3.8 ನ್ಯಾನೋಸೆಕೆಂಡ್ ಮಾತ್ರ. ನಮ್ಮ ಗ್ಯಾಪ್ ಒಮ್ಮೆ ದಾಟಲು 1.2 ನ್ಯಾನೋಸೆಕೆಂಡ್ ಬೇಕು, ಹಾಗಾದರೆ ಮೂರೇ ದಾಟುವಿಕೆ. ಹಳೆಯ ಪದ್ಧತಿಯ 20 ದಾಟುವಿಕೆ ನಿಯಮದ ಪ್ರಕಾರ 24 ನ್ಯಾನೋಸೆಕೆಂಡ್ ಮೇಲೆ ನಿಂತರಷ್ಟೇ ಅಪಾಯ, ಆದ್ದರಿಂದ ಪಾಸ್. ಆದರೆ ಈ ನಿಯಮ ಒಂದು ಶಿಖರವನ್ನಷ್ಟೇ ನೋಡುತ್ತದೆ. ಶಿಖರಗಳ ನಡುವಿನ 21 ನ್ಯಾನೋಸೆಕೆಂಡಿನಲ್ಲಿ ಎಲೆಕ್ಟ್ರಾನುಗಳು ಪೂರ್ತಿ ಸಾಯದೆ ಸ್ವಲ್ಪ ಉಳಿದರೆ, ಮುಂದಿನ ಶಿಖರ ಅವುಗಳ ಮೇಲೆ ಕಟ್ಟುತ್ತದೆ. ಹತ್ತಿಪ್ಪತ್ತು ಸುತ್ತಿನ ನಂತರ ಡಿಸ್ಚಾರ್ಜ್. ಆದ್ದರಿಂದ ಕನಿಷ್ಠ 250ರಿಂದ 500 ನ್ಯಾನೋಸೆಕೆಂಡ್ ಓಡಿಸಿ, ಒಂದು ಸುತ್ತಿನ ಕೊನೆಯ ಸಂಖ್ಯೆಯನ್ನು ಹಿಂದಿನ ಸುತ್ತಿನ ಕೊನೆಗೆ ಹೋಲಿಸಿ. 0.4 ಪಿಕೋಸೆಕೆಂಡಿನ ಹೆಜ್ಜೆಯಲ್ಲಿ 500 ನ್ಯಾನೋಸೆಕೆಂಡ್ ಎಂದರೆ 12.5 ಲಕ್ಷ ಹೆಜ್ಜೆ. ಪೆಟ್ಟಿಗೆ ಚಿಕ್ಕದಿರಬೇಕು ಎಂದದ್ದು ಇದಕ್ಕೇ.

ಬಿಸಿ ಮತ್ತು ಉಳಿದ ಗಾಳಿ

ನಷ್ಟದ ಲೆಕ್ಕ ಸುಲಭ. ಬೆಳ್ಳಿ ಲೇಪದ ಡಬ್ಲ್ಯೂಆರ್-75 ಕ್ಯಾವಿಟಿಯ ಕ್ಯೂ (ಹೆಚ್ಚಿದ್ದಷ್ಟೂ ನಷ್ಟ ಕಡಿಮೆ) ಸಿದ್ಧಾಂತದಲ್ಲಿ 7,800ರ ಆಸುಪಾಸು, ಒರಟುತನ ಜಂಟಿ ಎಲ್ಲ ಸೇರಿ 6,000 ಹಿಡಿಯಿರಿ. ಗ್ರೂಪ್ ಡಿಲೇ 4 ನ್ಯಾನೋಸೆಕೆಂಡ್ ಇದ್ದರೆ 5 ಶೇಕಡಾ, ಅಂದರೆ 0.22 ಡಿಬಿ ನಷ್ಟ. 200 ವ್ಯಾಟಿಗೆ 10 ವ್ಯಾಟ್ ಬಿಸಿ. ಬೆಂಚಿನ ಮೇಲೆ ಇದನ್ನು ಫ್ಯಾನು ಒಯ್ದುಬಿಡುತ್ತದೆ. ನಿರ್ವಾತದಲ್ಲಿ ಬಹುಪಾಲು ಬೋಲ್ಟು, ಬೇಸ್‌ಪ್ಲೇಟ್ ಮೂಲಕವೇ ದಾರಿ. ಉಚಿತ ಎಲ್ಮರ್ ಸಾಫ್ಟ್‌ವೇರಿನಲ್ಲಿ ಈ ಉಷ್ಣ ಲೆಕ್ಕ ಮಾಡಬಹುದು, ಕನ್ವೆಕ್ಷನ್ ಪದ ಪೂರ್ತಿ ಸೊನ್ನೆ ಮಾಡಲು ಮರೆಯಬೇಡಿ. ಅಲ್ಯುಮಿನಿಯಂ ಕ್ಯಾವಿಟಿ 12 ಗಿಗಾಹರ್ಟ್ಸ್‌ನಲ್ಲಿ ಡಿಗ್ರಿಗೆ ಸುಮಾರು 0.28 ಮೆಗಾಹರ್ಟ್ಸ್ ಕೆಳಗೆ ಸರಿಯುತ್ತದೆ. 50 ಡಿಗ್ರಿಗೆ 14 ಮೆಗಾಹರ್ಟ್ಸ್. ಕ್ಯಾರಿಯರ್ ಆಗ ಬ್ಯಾಂಡಿನ ಅಂಚಿಗೆ ಬಂದು ಕೂರುತ್ತದೆ, ಅಲ್ಲಿ ವೋಲ್ಟೇಜ್ ಹೆಚ್ಚು, ನಷ್ಟವೂ ಹೆಚ್ಚು, ಮತ್ತಷ್ಟು ಬಿಸಿ. ಕಿರಿದಾದ ಬ್ಯಾಂಡಿನ ಫಿಲ್ಟರನ್ನು ಬಿಸಿಗೆ ಬಹಳ ಕಡಿಮೆ ಹಿಗ್ಗುವ ಇನ್ವಾರ್ ಮಿಶ್ರಲೋಹದಲ್ಲಿ ಮಾಡುವುದು ಇದಕ್ಕಾಗಿ. ಬಿಸಿಯಾದ ಆಕಾರದಲ್ಲೇ ಇನ್ನೊಮ್ಮೆ ಫೀಲ್ಡ್ ಲೆಕ್ಕ ಮಾಡಿ ವೋಲ್ಟೇಜ್ ತೆಗೆಯಿರಿ.

ಕೊಳವೆಯೊಳಗೆ ಸಿಕ್ಕಿಕೊಂಡ ಗಾಳಿ ಹೊರಹೋಗಲು ರಂಧ್ರ ಬೇಕು. ದುಂಡು ರಂಧ್ರ ಕಟ್‌ಆಫ್‌ಗಿಂತ ಬಹಳ ಕೆಳಗಿದ್ದಾಗ ತನ್ನ ವ್ಯಾಸದಷ್ಟು ಉದ್ದಕ್ಕೆ 32 ಡಿಬಿ ತಡೆಯುತ್ತದೆ. 3 ಮಿ.ಮೀ. ಗೋಡೆಯಲ್ಲಿ 1.5 ಮಿ.ಮೀ. ರಂಧ್ರ ಕೊರೆದರೆ 64 ಡಿಬಿ, ಸೋರಿಕೆಯ ಚಿಂತೆ ಇಲ್ಲ. ರಂಧ್ರ ಇಲ್ಲದಿದ್ದರೆ ಒಳಗಿನ ಒತ್ತಡ ದಿನಗಟ್ಟಲೆ ನಿಧಾನವಾಗಿ ಇಳಿಯುತ್ತಾ ಕೊರೋನಾ ವಲಯದಲ್ಲಿ ತಂಗುತ್ತದೆ. ಎಲೆಕ್ಟ್ರಾನ್ ಡಿಕ್ಕಿಯ ದರ ಕೋನೀಯ ಆವರ್ತನಕ್ಕೆ ಸಮವಾಗುವ ಒತ್ತಡದ ಸುತ್ತ ಗಾಳಿ ಅತಿ ಸುಲಭವಾಗಿ ಕುಸಿಯುತ್ತದೆ. 12 ಗಿಗಾಹರ್ಟ್ಸ್‌ಗೆ ಅದು 14 ಟಾರ್, ಸುಮಾರು 19 ಮಿಲಿಬಾರ್. ಚೇಂಬರಿನ ಗಾಳಿ ಎಳೆಯುತ್ತಿರುವಾಗ ಆರ್‌ಎಫ್ ಆನ್ ಮಾಡುವ ತಪ್ಪು ಯಾರೂ ಮಾಡಬಾರದು. ಒತ್ತಡ 10⁻⁵ ಮಿಲಿಬಾರ್ ಮಟ್ಟಕ್ಕೆ ಬಂದು, ಭಾಗ ಅಲ್ಲಿ ಕೆಲವು ಗಂಟೆ ಕೂತ ಮೇಲೆ ಪರೀಕ್ಷೆ.

ಪರೀಕ್ಷೆಗೆ ಕಳಿಸುವಾಗ

ಭಾಗ ಬೆಂಗಳೂರಿಗೆ ಹೋಗಲಿ, ಅಹಮದಾಬಾದಿಗೆ ಹೋಗಲಿ, ಅದರ ಜೊತೆ ಹೋಗುವ ಹಾಳೆಯಲ್ಲಿ ಪ್ರತಿ ಗ್ಯಾಪಿನ ಅಳತೆ, 1 ವ್ಯಾಟಿನ ವೋಲ್ಟೇಜ್, ಯಾವ ಆವರ್ತನದಲ್ಲಿ ಅದು ಅತಿ ಹೆಚ್ಚು, ಬಳಸಿದ ಯೀಲ್ಡ್ ಬೆಲೆಗಳು, ಲೇಪದ ದಪ್ಪ, ಲೇಪ ಮಾಡಿದ ದಿನಾಂಕ ಇರಲಿ. ಎಲೆಕ್ಟ್ರಾನ್ ಬೀಜಕ್ಕೆ, ಅಂದರೆ ಮೊದಲ ಎಲೆಕ್ಟ್ರಾನುಗಳನ್ನು ಒದಗಿಸಲು, ಸ್ಟ್ರಾನ್ಷಿಯಂ-90 ಮೂಲವನ್ನೋ ಅಲ್ಟ್ರಾವಯೊಲೆಟ್ ದೀಪವನ್ನೋ ಇಡುತ್ತಾರೆ. ಅದರ ಕಣಗಳು ಮುಟ್ಟಬೇಕಾದದ್ದು ಅತಿ ಅಪಾಯದ ಗ್ಯಾಪನ್ನು, ಹಾಗಾಗಿ ಅದು ಫ್ಲೇಂಜಿನಿಂದ ಎಷ್ಟು ಮಿ.ಮೀ. ಒಳಗಿದೆ ಎಂದು ಚಿತ್ರದಲ್ಲಿ ಗುರುತು ಮಾಡಿ. ಬೀಜ ಇಲ್ಲದೆ ಪಾಸಾದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಪತ್ತೆಗೆ ಕನಿಷ್ಠ ಎರಡು ಬೇರೆ ವಿಧಾನ ಕೇಳಿ: ಒಂದು ಮುಂದೆ-ಹಿಂದೆ ಹೋಗುವ ಪವರಿನ ನಲ್ಲಿಂಗ್ (ಎರಡನ್ನೂ ಪರಸ್ಪರ ರದ್ದುಮಾಡಿಸಿ, ಆ ಸಮತೋಲ ಕೆಟ್ಟಿತೇ ಎಂದು ನೋಡುವುದು), ಇನ್ನೊಂದು ಮೂರನೇ ಹಾರ್ಮೋನಿಕ್. 12ಕ್ಕೆ ಅದು 36 ಗಿಗಾಹರ್ಟ್ಸ್, ಅದಕ್ಕೆ ಬೇಕಾದ ಅಡಾಪ್ಟರ್ ಚೇಂಬರಿನವರ ಬಳಿ ಇದೆಯೇ ಎಂದು ಭಾಗ ಪ್ಯಾಕ್ ಮಾಡುವ ಮೊದಲೇ ಕೇಳಿಕೊಳ್ಳಿ.